ನಮ್ಮ ಮನೆಯ ಕರೆಂಟಿಗೆ ಶುದ್ಧಿ

ಗಂಗೆಯನ್ನು ಶುದ್ಧಿ ಮಾಡೋಕೆ ಸರ್ಕಾರ ಇದೆ. ಕಾವೇರಿ ನೀರನ್ನು ಶುದ್ಧಿ ಮಾಡೋಕೆ ಅಡುಗೆಮನೆ ಗೋಡೆ ಮೇಲೆ ಫಿಲ್ಟರ್ ಇದೆ. ಮನಸ್ಸನ್ನು ಶುದ್ಧಿ ಮಾಡೋಕೆ ಬೆಳಗಾದರೆ ಟಿವಿಯಲ್ಲಿ ಸ್ವಾಮೀಜಿಗಳು ಸಾಲಾಗಿ ಕೂತಿರ್ತಾರೆ. ಆದರೆ ಕರೆಂಟನ್ನು ಶುದ್ಧಿ ಮಾಡೋಕೆ ಈ ಭೂಮಂಡಲದಲ್ಲಿ ಯಾರಿದ್ದಾರೆ? ಒಬ್ಬರೂ ಇಲ್ಲ! ಆ ಕೊರತೆಯನ್ನು ನೀಗಿಸಲು ಬನಶಂಕರಿ ಎರಡನೇ ಹಂತದ ಸೀನು ಎಂಬ ನಾನು ಈ ಸಲದ ದಸರೆಗೆ ಟೊಂಕ ಕಟ್ಟಿ ನಿಂತೆ.

"ವಿಜಯದಶಮಿ ಹೊತ್ತಿಗೆ ನಮ್ಮ ಮನೆ ಕರೆಂಟ್ ಅಪ್ಪಟ ಶುದ್ಧವಾಗಿರುತ್ತೆ, ನೋಡ್ತಾ ಇರು" ಅಂತ ಹೆಂಡತಿ ವಿಮಲಾಗೆ ಘೋಷಿಸಿದೆ.

ಅವಳು ಮೆಂತ್ಯದ ಸೊಪ್ಪು ಬಿಡಿಸ್ತಾ ಇದ್ದಳು. ತಲೆ ಎತ್ತಲಿಲ್ಲ.

"ಮೊದಲು ಬಾತ್‌ರೂಮಿನ ನಲ್ಲಿ ಸೋರ್ತಿದೆಯಲ್ಲ, ಅದನ್ನ ನೋಡಿ" ಅಂದಳು.

ಮಹತ್ಕಾರ್ಯಕ್ಕೆ ಹೊರಟವರಿಗೆ ಮನೆಯಲ್ಲಿ ಸಿಗೋ ಮರ್ಯಾದೆ ಇಷ್ಟೇ.

ನನ್ನ ಪರಿಚಯ ಇಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಹಗಲು ಹೊತ್ತು ನಾನು ಜಯನಗರದ ಒಂದು ಇನ್ಷೂರೆನ್ಸ್ ಆಫೀಸಿನಲ್ಲಿ ಕ್ಲೇಮುಗಳನ್ನು ಪರಿಶೀಲಿಸೋ ಮನುಷ್ಯ. ಅಂದರೆ, ಯಾರು ಏನು ಹೇಳಿದರೂ ನಂಬದೇ ಇರೋದಕ್ಕೆ ನನಗೆ ಸಂಬಳ. ಕಾರಿನ ಬಂಪರ್ ಒಡೆದಿದೆ ಅಂತ ಯಾರಾದರೂ ಬಂದರೆ, ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು ಫೋಟೋ ಕೇಳಿ, ಆಮೇಲೂ ಅವರ ಮುಖವನ್ನು ಅನುಮಾನದಿಂದ ನೋಡ್ತೀನಿ. ಆದರೆ ಮನೆಗೆ ಬಂದು ಆಂಪ್ಲಿಫೈಯರ್ ಮುಂದೆ ಕೂತೆ ಅಂದರೆ ನಾನು ಬೇರೆಯೇ ಪ್ರಾಣಿ. ಹಾಡು ಕೇಳೋ ಸಾಮಾನಿನ ವಿಷಯದಲ್ಲಿ ಯಾರು ಏನು ಹೇಳಿದರೂ ನಂಬ್ತೀನಿ. ಹೇಳಿದವರಿಗೇ ನಂಬಿಕೆ ಇಲ್ಲದಿದ್ದರೂ ನಾನು ನಂಬ್ತೀನಿ.

ನಮ್ಮದು ಹಳೇ ಮನೆ. ಇರೋ ಒಂದೇ ಒಂದು ದೊಡ್ಡ ಜಾಗ ಅಂದರೆ ಮುಂದಿನ ಹಾಲು. ಆ ಹಾಲನ್ನು ನಾನು ಯಾರಿಗೂ ಗೊತ್ತಾಗದ ಹಾಗೆ ಆಕ್ರಮಿಸಿಕೊಂಡಿದ್ದೆ. ಮೊದಲು ನನ್ನ ಎದೆಯೆತ್ತರದ ಎರಡು ಸ್ಪೀಕರ್ ಬಂದವು. ಅವು ಗೋಡೆಗೆ ಒರಗಬಾರದಂತೆ, ಹಾಗಾಗಿ ಹಾಲಿನ ನಡುವೆ ಎರಡು ದ್ವಾರಪಾಲಕರ ಹಾಗೆ ನಿಂತವು. ದಿವಾನ್ ಅಡ್ಡ ಬಂತು, ಅದು ಅಮ್ಮನ ರೂಮಿಗೆ ಹೋಯಿತು. ಅಮ್ಮನ ಆರಾಮಕುರ್ಚಿ ವರಾಂಡಕ್ಕೆ ಹೋಯಿತು. ಬಟ್ಟೆ ಧ್ವನಿಯನ್ನು ಕುಡಿದುಬಿಡುತ್ತೆ ಅಂತ ಯಾರೋ ಹೇಳಿದರು, ಕರ್ಟನ್‌ಗಳನ್ನೂ ಬಿಚ್ಚಿ ಮಡಿಸಿಟ್ಟೆ. ಕೊನೆಗೆ ಉಳಿದಿದ್ದು ಮೊಸಾಯಿಕ್ ನೆಲ, ಬೋಳು ಗೋಡೆ, ಸಾಮಾನಿನ ರ‍್ಯಾಕ್ ಮತ್ತು ಒಂದು ಕುರ್ಚಿ. ಕುರ್ಚಿ ನನ್ನದು. ಮನೆಗೆ ಬಂದ ನೆಂಟರು ಅಡುಗೆಮನೆಯಲ್ಲಿ ನಿಂತು ಕಾಫಿ ಕುಡಿದು ಹೋಗ್ತಿದ್ದರು.

ಇಷ್ಟೆಲ್ಲ ತ್ಯಾಗ ಮಾಡಿದರೂ ನನ್ನ ಪ್ರೀತಿಯ ವೀಣೆ ಕಛೇರಿ ಹಾಕಿದರೆ, ವಿದ್ವಾಂಸರು ಪಾತ್ರೆ ಅಂಗಡಿಯಲ್ಲಿ ಕೂತು ನುಡಿಸಿದ ಹಾಗೆ ಕೇಳಿಸ್ತಿತ್ತು. ಎಲ್ಲೋ ಏನೋ ಗಲಗಲ. ಈ ದುಃಖವನ್ನು ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಮಯೂರನ ಹತ್ತಿರ ತೋಡಿಕೊಂಡೆ. ಬಿಟಿಎಂ ಲೇಔಟಿನ ಹುಡುಗ, ಆಡಿಯೋ ಹುಚ್ಚು ನನಗಿಂತ ಒಂದು ಕೈ ಮೇಲು. ಅವನು ಕಾಫಿ ಲೋಟ ಕೆಳಗಿಟ್ಟು, ಡಾಕ್ಟರು ರಿಪೋರ್ಟ್ ಓದೋ ಮುಖ ಮಾಡಿದ.

"ಸಾರ್, ನಿಮ್ಮ ಆಂಪ್ಲಿಫೈಯರ್ ಸಖತ್ತಾಗಿದೆ. ಸ್ಪೀಕರ್ ಸಖತ್ತಾಗಿದೆ. ಕರೆಂಟ್ ಕೊಳಕು."

"ಕರೆಂಟಲ್ಲಿ ಕೊಳಕು, ಚೊಕ್ಕಟ ಅಂತ ಇದೆಯೇನಯ್ಯ?"

"ಯೋಚನೆ ಮಾಡಿ ಸಾರ್. ಅದು ನಿಮ್ಮ ಮನೆಗೆ ಬರೋದ್ರೊಳಗೆ ಎಲ್ಲೆಲ್ಲಿ ಸುತ್ತಿ ಬಂದಿರುತ್ತೆ? ನಿಮ್ಮ ರಸ್ತೆ ಹಿಟ್ಟಿನ ಗಿರಣಿ, ಬೇಕರಿ ಓವನ್, ಜೆರಾಕ್ಸ್ ಅಂಗಡಿ, ಪಿಜಿ ಲಿಫ್ಟು, ಪಕ್ಕದವರ ಬೋರ್‌ವೆಲ್ ಮೋಟರು. ಎಲ್ಲರ ಗಲಾಟೆನೂ ಹೊತ್ಕೊಂಡು ಬಂದು ನಿಮ್ಮ ವೀಣೆ ಮೇಲೆ ಸುರಿಯುತ್ತೆ."

ನಾನು ಬೆಚ್ಚಿಬಿದ್ದೆ. ಅಲ್ಲಿಯವರೆಗೂ ನಾನು ಕೇಳ್ತಿದ್ದದ್ದು ವೀಣೆಯಲ್ಲ, ಹಿಟ್ಟಿನ ಗಿರಣಿ!

ಆವತ್ತು ಸಂಜೆ ಇದೇ ವಿಷಯವನ್ನು ವಿಮಲಾಗೆ ವಿವರಿಸಿದೆ. ಪ್ಲಗ್ ಪಾಯಿಂಟಿನಿಂದ ಆಂಪ್ಲಿಫೈಯರಿಗೆ ಹೋಗೋ ವಯರನ್ನು ಬದಲಾಯಿಸಬೇಕು, ಪ್ಲಗ್ ಪಾಯಿಂಟನ್ನೂ ಬದಲಾಯಿಸಬೇಕು, ಆಗ ವೀಣೆಯ ತಂತಿ ತಂತಿಯೂ ಕಣ್ಣಿಗೆ ಕಾಣೋ ಹಾಗೆ ಕೇಳಿಸುತ್ತೆ ಅಂದೆ.

"ಅಲ್ಲಾ ರೀ, ಎಲ್ಲೆಲ್ಲಿಂದಲೋ ಬಿಸಿಲು ಮಳೆಯಲ್ಲಿ ತೂಗಾಡೋ ತಂತಿಯಲ್ಲಿ ಬಂದ ಕರೆಂಟು, ಕೊನೇ ಒಂದು ಮಾರು ವಯರಲ್ಲಿ ಶುದ್ಧ ಆಗಿಬಿಡುತ್ತಾ?"

"ಕಾವೇರಿ ನೀರು ಎಷ್ಟು ದೂರದಿಂದ ಬರುತ್ತೆ? ಕೊನೇಲಿ ಒಂದು ಮಾರು ಫಿಲ್ಟರ್ ಹಾಕ್ತೀಯೋ ಇಲ್ಲವೋ?"

ವಿಮಲಾ ಬಾಯಿ ಮುಚ್ಚಿದಳು. ನಮ್ಮ ಮದುವೆಯಾದ ಮೇಲೆ ಹೀಗೆ ಆಗಿದ್ದು ಅದೇ ಮೊದಲು. ನನಗೆ ಎಷ್ಟು ಹುರುಪು ಬಂತೆಂದರೆ ಅಲ್ಲೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ.

ಈಗ ಒಂದು ಮುಖ್ಯ ವಿಷಯ. ವಿಮಲಾ ಸಂಗೀತದಲ್ಲಿ ಸೀನಿಯರ್ ಪಾಸ್ ಮಾಡಿದವಳು. ಮೊನ್ನೆ ಮೊನ್ನೆಯವರೆಗೆ ಸ್ಕೂಲಿನಲ್ಲಿ ಸಂಗೀತದ ಟೀಚರ್ ಆಗಿದ್ದಳು. ಕೆಲಸ ಬಿಟ್ಟ ಮೇಲೆ ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳಿಕೊಡಬೇಕು ಅಂತ ಅವಳ ಆಸೆ. ಎದುರುಮನೆ ಸೌಮ್ಯ ತನ್ನ ಮಗಳನ್ನು ಮೊದಲು ಸೇರಿಸ್ತೀನಿ ಅಂತ ಕಾದು ಕೂತಿದ್ದಳು. ವಿಜಯದಶಮಿ ದಿನ ಪಾಠ ಶುರು ಮಾಡಿದರೆ ವಿದ್ಯೆ ಹತ್ತುತ್ತೆ ಅಂತ ಅಮ್ಮನೂ ಹೇಳಿದ್ದಳು. ಎಲ್ಲ ಸರಿ, ಮಕ್ಕಳು ಕೂರೋದೆಲ್ಲಿ? ಇರೋದು ಒಂದೇ ಹಾಲು, ಅಲ್ಲಿ ದ್ವಾರಪಾಲಕರು.

"ವಾರದಲ್ಲಿ ಎರಡು ಸಂಜೆ ಹಾಲ್ ಬಿಟ್ಟುಕೊಡಿ ಸಾಕು. ಆ ಸ್ಪೀಕರುಗಳನ್ನ ಅಕ್ಕಿ ಡ್ರಮ್ಮು ಇರೋ ರೂಮಿಗೆ ಹಾಕ್ಕೊಳ್ಳಿ" ಅಂತ ವಿಮಲಾ ಎಷ್ಟೋ ಸಲ ಕೇಳಿದ್ದಳು. ನಾನು ಆಯ್ತು ನೋಡೋಣ ಅಂತ ಜಾರಿಕೊಂಡಿದ್ದೆ. ಆವತ್ತು ಮಾತಿನಲ್ಲಿ ಗೆದ್ದ ಅಮಲಿನಲ್ಲಿ ಪಂಥ ಕಟ್ಟಿಬಿಟ್ಟೆ.

"ವಿಜಯದಶಮಿ ಬೆಳಿಗ್ಗೆ ಶುದ್ಧ ಕರೆಂಟಿನಲ್ಲಿ ನಿನಗೆ ವೀಣೆ ಕೇಳಿಸ್ತೀನಿ. ಮೊದಲಿಗಿಂತ ಚೆನ್ನಾಗಿಲ್ಲ ಅಂತ ನೀನು ಹೇಳಿದರೆ ಹಾಲ್ ನಿಂದು. ಚೆನ್ನಾಗಿದೆ ಅಂದರೆ ಹಾಲ್ ಖಾಯಂ ನಂದು, ಮತ್ತೆ ಕೇಳಬಾರದು."

"ತೀರ್ಪು ನಂದೇನಾ?"

"ನಿಂದೇ."

ನನಗೆ ಧೈರ್ಯ ಯಾಕೆ ಅಂದರೆ, ವಿಮಲಾ ತರಕಾರಿಯವನ ಹತ್ತಿರ ಸುಳ್ಳು ಹೇಳಬಹುದು, ನೆಂಟರ ಹತ್ತಿರ ಸುಳ್ಳು ಹೇಳಬಹುದು, ಸ್ವರದ ವಿಷಯದಲ್ಲಿ ಪ್ರಾಣ ಹೋದರೂ ಹೇಳಲ್ಲ. ಮದುವೆ ಮನೆಯಲ್ಲಿ ನಾನು ಹಾಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಅವಳು ಮಾತ್ರ "ಗಾಂಧಾರ ಕೆಳಗಿತ್ತು" ಅಂದಿದ್ದಳು. ಆಗಿನ್ನೂ ಅವಳು ಮದುಮಗಳು.

ಕೆಲಸ ಶುರುವಾಯಿತು. ಮೊದಲು ಎಲೆಕ್ಟ್ರಿಷಿಯನ್ ಚಲುವರಾಜು ಬಂದ. ಮೀಟರ್ ಬೋರ್ಡಿನಿಂದ ನೇರವಾಗಿ ಹಾಲಿಗೆ ಬೇರೆ ಲೈನ್ ಎಳೆಯಬೇಕು, ಅದರಲ್ಲಿ ಒಂದು ಫ್ಯಾನ್ ಕೂಡ ಪಾಲು ಕೇಳಬಾರದು ಅಂದೆ.

"ಎಸಿ ಹಾಕಿಸ್ತಿದ್ದೀರಾ ಸಾರ್?"

"ಇಲ್ಲಪ್ಪ."

"ಗೀಸರಾ?"

"ಹಾಲಲ್ಲಿ ಯಾರಪ್ಪ ಗೀಸರ್ ಹಾಕ್ತಾರೆ? ವೀಣೆ ಕೇಳೋದಕ್ಕೆ."

ಚಲುವರಾಜು ನನ್ನನ್ನು ಮೇಲಿಂದ ಕೆಳಗೆ ನೋಡಿ, ವಿಮಲಾ ಕಡೆ ತಿರುಗಿ, "ಮೇಡಂ, ಸಾರ್ ಹುಷಾರಾಗಿದ್ದಾರಾ?" ಅಂತ ಮೆಲ್ಲಗೆ ಕೇಳಿದ. "ಹಬ್ಬ ಮುಗಿಯೋವರೆಗೂ ಹೀಗೇ ಇರ್ತಾರೆ, ನೀವು ಕೆಲಸ ಮಾಡಿ" ಅಂದಳು ವಿಮಲಾ.

ಬೇರೆ ಲೈನ್ ಆದ ಮೇಲೆ ಮಯೂರ್ ಅರ್ಥಿಂಗ್ ಬಗ್ಗೆ ಕೇಳಿದ. ಹಳೇ ಮನೆಯ ಅರ್ಥಿಂಗ್ ಸತ್ತಿರುತ್ತೆ ಸಾರ್, ಹೊಸ ಗುಂಡಿ ತೆಗೆಸಿ, ಕೊಳಕೆಲ್ಲ ಭೂಮಿಗೆ ಇಳಿದು ಹೋಗಬೇಕು ಅಂದ. ಕಾಂಪೌಂಡಿನೊಳಗೆ ಗುಂಡಿ ತೆಗೆಯೋಕೆ ಇದ್ದ ಜಾಗ ಒಂದೇ, ವಿಮಲಾಳ ದಾಸವಾಳದ ಗಿಡದ ಬುಡ. ಗುಂಡಿಗೆ ಇದ್ದಿಲು ಸುರಿದೆವು, ಉಪ್ಪು ಸುರಿದೆವು. ತಂದ ಉಪ್ಪು ಸಾಲದೆ ಅಡುಗೆಮನೆ ಡಬ್ಬದ ಕಲ್ಲುಪ್ಪನ್ನೂ ಸುರಿದೆ. ಆವತ್ತು ರಾತ್ರಿ ಸಾರಿಗೆ ಉಪ್ಪಿರಲಿಲ್ಲ. ವಾರದಲ್ಲಿ ದಾಸವಾಳ ತಲೆ ಬಾಗಿಸಿತು.

ಆ ಗುಂಡಿಗೆ ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು ಹಾಕಬೇಕು. ನಾನು ಸ್ನಾನ ಮಾಡಿ, ಪಂಚೆ ಉಟ್ಟು, ನೀರು ಹಾಕ್ತಿದ್ದೆ. ನನ್ನ ತಾಯಿ ನಾಗಲಕ್ಷ್ಮಮ್ಮನವರಿಗೆ ಇದನ್ನು ನೋಡಿ ಕಣ್ಣು ತುಂಬಿ ಬಂತು. "ಸೀನೂಗೆ ಈಗಲಾದರೂ ಭೂಮಿತಾಯಿ ಮೇಲೆ ಭಕ್ತಿ ಬಂತಲ್ಲ" ಅಂತ ಸೌಮ್ಯಳ ಹತ್ತಿರ ಹೇಳಿಕೊಂಡು, ಮಾರನೇ ದಿನದಿಂದ ಗುಂಡಿಯ ಸುತ್ತ ರಂಗೋಲಿ ಹಾಕೋಕೆ ಶುರು ಮಾಡಿದಳು. ಬಾಯಿ ತೆರೆದು ನಿಜ ಹೇಳೋ ಧೈರ್ಯ ನನಗಾಗಲಿಲ್ಲ.

ಕೊನೆಗೆ ಕೇಬಲ್ ಬಂತು. ಆಂಪ್ಲಿಫೈಯರ್ ಜೊತೆ ಕಂಪನಿಯವರು ಕೊಟ್ಟಿದ್ದ ವಯರು ನೂಲಿನ ಹಾಗಿತ್ತು. ಇದು ಹಾಗಲ್ಲ. ಒಡವೆ ಬರೋ ಥರದ ಮಖಮಲ್ ಪೆಟ್ಟಿಗೆಯಲ್ಲಿ, ನನ್ನ ಮಣಿಕಟ್ಟಿನಷ್ಟು ದಪ್ಪಗೆ, ನೀಲಿ ಜಾಲರಿ ಅಂಗಿ ತೊಟ್ಟು ಸುರುಳಿ ಸುತ್ತಿ ಮಲಗಿತ್ತು. ಬೆಲೆ ಕೇಳಬೇಡಿ. ವಿಮಲಾ ಕೇಳಿದಾಗಲೂ ನನಗೆ ಕೆಮ್ಮು ಬಂತು.

"ಹಾಕಿದ ಕೂಡಲೇ ಕೇಳಬೇಡಿ ಸಾರ್" ಅಂತ ಮಯೂರ್ ಎಚ್ಚರಿಸಿದ. "ಕೇಬಲ್ ಮೊದಲು ಪಕ್ವ ಆಗಬೇಕು. ಅದರಲ್ಲಿ ಕರೆಂಟ್ ಹರೀತಾ ಹರೀತಾ ಹದಕ್ಕೆ ಬರುತ್ತೆ. ವಿಜಯದಶಮಿಗೆ ಸರಿಯಾಗಿ ಮಾಗಿರುತ್ತೆ."

ಅಂತೂ ಕೇಬಲನ್ನು ಹಾಕಿ, ಆಂಪ್ಲಿಫೈಯರ್ ಆನ್ ಮಾಡಿ, ಹಾಡು ಹಾಕದೆ ಸುಮ್ಮನೆ ಮಾಗೋಕೆ ಬಿಟ್ಟೆ. ಮನೆಯಲ್ಲಿ ಮಾವಿನ ಹಣ್ಣನ್ನು ಹುಲ್ಲಿನಲ್ಲಿ ಇಟ್ಟಿದ್ದಾರೇನೋ ಅನ್ನೋ ಹಾಗೆ ನಾವೆಲ್ಲ ಹಾಲಿನ ಪಕ್ಕ ಮೆಲ್ಲಗೆ ಓಡಾಡಿದೆವು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮಮ್ಮನ ಆಯುಧಪೂಜೆ ನೀವು ನೋಡಿಲ್ಲ. ಬೇರೆಯವರ ಮನೆಯಲ್ಲಿ ಸ್ಕೂಟರಿಗೆ, ಕಾರಿಗೆ ಪೂಜೆ ಮಾಡಿ ಮುಗಿಸ್ತಾರೆ. ನಮ್ಮಮ್ಮನ ಲೆಕ್ಕದಲ್ಲಿ ಯಾವುದರಲ್ಲಿ ಕಬ್ಬಿಣ ಇದೆಯೋ, ಯಾವುದಕ್ಕೆ ವಯರ್ ಇದೆಯೋ, ಎಲ್ಲವೂ ಆಯುಧ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಹೊಲಿಗೆ ಮಿಷನ್, ಈಳಿಗೆಮಣೆ, ಕತ್ತರಿ, ರೈಸ್ ಕುಕ್ಕರು, ನನ್ನ ಆಂಪ್ಲಿಫೈಯರು, ಎಲ್ಲದರ ವಯರನ್ನೂ ಬಿಚ್ಚಿ, ಒರೆಸಿ, ದೇವರ ಮುಂದೆ ಚಾಪೆ ಮೇಲೆ ಸಾಲಾಗಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವು ಮುಡಿಸಿದಳು. ನನ್ನ ಕೇಬಲಿಗೂ ಎರಡು ತುದಿಗೆ ಕುಂಕುಮ.

"ಅಮ್ಮ, ಅದು ತುಂಬಾ ನಾಜೂಕು, ಹುಷಾರು" ಅಂದೆ.

"ಇಷ್ಟು ದಪ್ಪ ಇದೆ, ಇದಕ್ಕೇನು ನಾಜೂಕು?" ಅಂತ ಅಮ್ಮ ಅದಕ್ಕೆ ಇನ್ನೊಂದು ಹೂವು ಸಿಕ್ಕಿಸಿದಳು.

ಪೂಜೆಗಿಟ್ಟ ಸಾಮಾನನ್ನು ಆವತ್ತು ಬಳಸಬಾರದು. ಮಾರನೇ ದಿನ ವಿಜಯದಶಮಿ ಬೆಳಿಗ್ಗೆ ಅಮ್ಮನೇ ಪೂಜೆ ಮಾಡಿ ಎಲ್ಲವನ್ನೂ ಕದಲಿಸಬೇಕು, ಆಮೇಲೇ ಅವು ಅವುಗಳ ಜಾಗಕ್ಕೆ ಹೋಗಬೇಕು. ಇದು ನಮ್ಮನೆ ಕಾನೂನು. ಆ ಬೆಳಿಗ್ಗೆ ನಾನು ಬನಶಂಕರಿ ಮೆಟ್ರೋ ಸ್ಟೇಷನ್ ಹತ್ತಿರ ಮಯೂರನನ್ನು ಕರೆದುಕೊಂಡು ಬರೋಕೆ ಹೋಗಿದ್ದೆ. ವಾಪಸ್ ಬರೋ ಹೊತ್ತಿಗೆ ಎಲ್ಲವೂ ತಂತಮ್ಮ ಜಾಗದಲ್ಲಿ ಇದ್ದವು. ಆಂಪ್ಲಿಫೈಯರಿನ ದೀಪ ಉರೀತಿತ್ತು. ರ‍್ಯಾಕಿನ ಮೇಲೆ ಅಮ್ಮ ತನ್ನ ರೇಷ್ಮೆ ವಸ್ತ್ರ ಹೊದಿಸಿದ್ದಳು. ಹಾಲಿನ ನೆಲದ ತುಂಬ, ಗೋಡೆಯಿಂದ ಗೋಡೆಗೆ, ವಿಮಲಾ ದೊಡ್ಡ ಜಮಖಾನ ಹಾಸಿದ್ದಳು.

"ಇದೇನಿದು?"

"ಸಂಜೆ ಮಕ್ಕಳು ಬರ್ತಾರಲ್ಲ, ಕೂರೋಕೆ" ಅಂದಳು ವಿಮಲಾ. ಅವಳ ಧೈರ್ಯ ನೋಡಿ ನನಗೆ ನಗು ಬಂತು. ಇನ್ನು ಸ್ವಲ್ಪ ಹೊತ್ತಿಗೆ ಸುತ್ತಿಡಬೇಕಾದ ಜಮಖಾನ, ಪಾಪ.

ವೀಣೆ ಹಾಕಿದೆ.

ಅಬ್ಬಾ, ಏನು ಹೇಳಲಿ! ಮೊದಲ ಮೀಟಿಗೇ ನನ್ನ ಮೈ ಜುಮ್ ಅಂತು. ಆ ಗಲಗಲ ಇಲ್ಲವೇ ಇಲ್ಲ. ಪಾತ್ರೆ ಅಂಗಡಿ ಬಾಗಿಲು ಹಾಕಿಕೊಂಡು ಹೋಗಿತ್ತು. ವಿದ್ವಾಂಸರು ಬಂದು ನಮ್ಮ ಹಾಲಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ತಂತಿ ತಂತಿಯೂ ಉದುರುದುರಾಗಿ ಬೇರೆ ಬೇರೆ ಕೇಳಿಸ್ತಿತ್ತು.

"ಸಾರ್, ಹಿನ್ನೆಲೆ ಎಷ್ಟು ಕಪ್ಪಾಗಿದೆ ನೋಡಿ" ಅಂತ ಮಯೂರ್ ಕಣ್ಣು ಮುಚ್ಚಿಕೊಂಡು ಪಿಸುಗುಟ್ಟಿದ. ಎರಡು ಸ್ವರಗಳ ನಡುವಿನ ಮೌನಕ್ಕೆ ನಮ್ಮ ಪಂಗಡದವರು ಹಾಗನ್ನೋದು. "ಕೇಬಲ್ ಮಾಗಿದೆ ಸಾರ್. ಪೂರ್ತಿ ಮಾಗಿದೆ."

ನಾನು ವಿಮಲಾ ಮುಖ ನೋಡಿದೆ. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. ಕೈ ತೊಡೆಯ ಮೇಲೆ ತಾಳ ಹಾಕ್ತಿತ್ತು. ಕೀರ್ತನೆ ಮುಗಿಯಿತು.

"ಹೇಳು, ತೀರ್ಪು ನಿಂದು" ಅಂದೆ.

"ಚೆನ್ನಾಗಿದೆ ರೀ" ಅಂದಳು. "ನಿಜವಾಗ್ಲೂ ಚೆನ್ನಾಗಿದೆ. ಮೊದಲು ಹೀಗೆ ಕೇಳಿಸ್ತಿರಲಿಲ್ಲ. ನೀವು ಗೆದ್ರಿ."

ಅಷ್ಟೇ ಹೇಳಿ ಅವಳು ಬಗ್ಗಿ ಜಮಖಾನದ ಒಂದು ಅಂಚು ಹಿಡಿದು ಸುತ್ತೋಕೆ ಶುರು ಮಾಡಿದಳು. ಮಯೂರ್ ಇನ್ನೊಂದು ಅಂಚು ಹಿಡಿದ. ಜಮಖಾನ ಸುತ್ತಿ ಮೂಲೆಗೆ ನಿಲ್ಲಿಸಿ, ಫೋನ್ ತೆಗೆದು ಸೌಮ್ಯಳಿಗೆ ಏನೋ ಬರೆಯೋಕೆ ಕೂತಳು. ಮುಖದಲ್ಲಿ ಸಿಟ್ಟಿಲ್ಲ, ಅಳು ಇಲ್ಲ. ಬೈದಿದ್ದರೆ ನನಗೆ ಎಷ್ಟೋ ಹಾಯಾಗಿರ್ತಿತ್ತು. ನೀರು ಕುಡಿಯೋಣ ಅಂತ ಅಡುಗೆಮನೆಗೆ ಹೋದೆ.

ಅಡುಗೆಮನೆ ಕಟ್ಟೆ ಮೇಲೆ ರೈಸ್ ಕುಕ್ಕರ್ ಕುದೀತಿತ್ತು. ಅದರ ಬೆನ್ನಿನಿಂದ ಹೊರಟು, ಚಟ್ನಿ ಬಟ್ಟಲನ್ನು ಬಳಸಿ, ಸೌಟಿನ ಮೇಲೆ ಹಾದು, ಪ್ಲಗ್ ಪಾಯಿಂಟಿನವರೆಗೂ ನೀಲಿ ಜಾಲರಿ ಅಂಗಿ ತೊಟ್ಟು, ಎರಡು ತುದಿಗೆ ಕುಂಕುಮ ಇಟ್ಟುಕೊಂಡು, ನನ್ನ ಕೇಬಲ್ ಮಲಗಿತ್ತು!

ನನ್ನ ಕೈಯಲ್ಲಿದ್ದ ಲೋಟ ಜಾರಿ ಸಿಂಕಿಗೆ ಬಿತ್ತು. ಕುಕ್ಕರಿನ ಹಿಂದೆಯೂ ಆಂಪ್ಲಿಫೈಯರಿನ ಹಿಂದೆಯೂ ಒಂದೇ ಥರದ ತೂತು ಅನ್ನೋ ಸಂಗತಿ ನನಗೆ ಗೊತ್ತಾಗಿದ್ದು ಆಗಲೇ. ಹಾಗಾದರೆ ಇಷ್ಟು ಹೊತ್ತು ಆಂಪ್ಲಿಫೈಯರಿಗೆ ಇದ್ದದ್ದು ಯಾವ ವಯರು? ಅನ್ನದ ಗಂಜಿ ಕುಡಿದು ಕುಡಿದು ಬೆಳ್ಳಗಾಗಿದ್ದ, ಒಂದು ಕಡೆ ಒಗ್ಗರಣೆ ಸಿಡಿದು ಹಳದಿಯಾಗಿದ್ದ, ಕುಕ್ಕರಿನ ವಯರು. ನನ್ನ ಮೈ ಜುಮ್ ಅನ್ನಿಸಿದ್ದು ಅದು. ಮಯೂರನಿಗೆ ಹಿನ್ನೆಲೆ ಕಪ್ಪಾಗಿ ಕಂಡಿದ್ದು ಅದರಿಂದ.

ಸತ್ಯವಂತನಾದವನು ಆ ಕ್ಷಣಕ್ಕೆ ಹಾಲಿಗೆ ಓಡಿ ಹೋಗಿ ಒಪ್ಪಿಕೊಳ್ಳಬೇಕು. ನಾನು ಕ್ಲೇಮು ನೋಡೋ ಮನುಷ್ಯ, ಎಂಥೆಂಥ ಕಳ್ಳರನ್ನು ನೋಡಿದ್ದೀನಿ, ಅವರೆಲ್ಲ ಮಾಡೋದನ್ನೇ ಮಾಡಿದೆ. ಸಾಕ್ಷಿ ಮಾಯ ಮಾಡೋಣ ಅಂತ ಕೇಬಲನ್ನು ಕಿತ್ತು, ಸುತ್ತಿ, ಹಬ್ಬಕ್ಕೆ ಹೊದ್ದಿದ್ದ ಶಲ್ಯದೊಳಗೆ ಬಚ್ಚಿಟ್ಟುಕೊಂಡು, ಏನೂ ಆಗಿಲ್ಲ ಅನ್ನೋ ಮುಖ ಮಾಡಿಕೊಂಡು ಹಾಲಿಗೆ ನಡೆದೆ. ಇನ್ನೇನು ರ‍್ಯಾಕಿನ ಹತ್ತಿರ ಬಂದೆ, ದೇವರ ಮನೆಯಿಂದ ಅಮ್ಮ ಬಂದಳು.

"ಸೀನು, ಕುಕ್ಕರ್ ವಯರ್ ಯಾಕೋ ಎತ್ಕೊಂಡು ಹೋಗ್ತಿದ್ದೀಯ? ಪುಳಿಯೋಗರೆ ಅನ್ನ ಇನ್ನೂ ಆಗಿಲ್ಲ."

ಹಾಲು ನಿಶ್ಶಬ್ದವಾಯಿತು. ಹಿನ್ನೆಲೆ ಕಪ್ಪಾಗೋದು ಅಂದರೆ ಏನು ಅಂತ ನನಗೆ ಆಗ ಅರ್ಥವಾಯಿತು.

"ಕುಕ್ಕರ್ ವಯರಾ?" ಅಂತ ವಿಮಲಾ ಫೋನಿನಿಂದ ತಲೆ ಎತ್ತಿದಳು. ನನ್ನ ಶಲ್ಯದಿಂದ ನೀಲಿ ಬಾಲ ಇಣುಕ್ತಿತ್ತು.

"ಅದೇ ಕಣೆ, ದಪ್ಪಂದು" ಅಂದಳು ಅಮ್ಮ. "ಬೆಳಿಗ್ಗೆ ಕದಲಿಸಿದ ಮೇಲೆ ಜೋಡಿಸಿದೆನಲ್ಲ, ಆಗ ನೋಡಿದೆ. ಹಾಡೋ ಡಬ್ಬಕ್ಕೆ ಇಷ್ಟು ದಪ್ಪ ವಯರ್ ಯಾಕೆ ಬೇಕು? ಅನ್ನ ಬೇಯಿಸೋದಕ್ಕೆ ಬೇಕು. ಯಾರೋ ಅದಲು ಬದಲು ಮಾಡಿದ್ದಾರೆ ಅಂದ್ಕೊಂಡು ನಾನೇ ಸರಿಮಾಡಿದೆ."

ವಿಮಲಾ ಎದ್ದು ಹೋಗಿ ರ‍್ಯಾಕಿನ ಮೇಲಿನ ರೇಷ್ಮೆ ವಸ್ತ್ರ ಎತ್ತಿ ಹಿಂದೆ ಬಗ್ಗಿ ನೋಡಿದಳು. ಆಮೇಲೆ ನಕ್ಕಳು ನೋಡಿ, ಗೋಡೆ ಹಿಡಿದುಕೊಂಡು, ಸೆರಗು ಬಾಯಿಗೆ ಇಟ್ಟುಕೊಂಡು, ಕಣ್ಣಲ್ಲಿ ನೀರು ಬರೋ ಹಾಗೆ. ಅಮ್ಮನಿಗೆ ವಿಷಯ ಗೊತ್ತಿಲ್ಲದಿದ್ದರೂ ಅವಳೂ ಜೊತೆಗೆ ನಕ್ಕಳು. ಮಯೂರ್ ಮಾತ್ರ ನಗಲಿಲ್ಲ. ಪಂಗಡದ ಮಾನ ಉಳಿಸೋ ಜವಾಬ್ದಾರಿ ಅವನ ಮೇಲಿತ್ತು.

"ಮೇಡಂ, ಕುಕ್ಕರ್ ವಯರಲ್ಲೇ ಇಷ್ಟು ಚೆನ್ನಾಗಿದೆ ಅಂದ್ರೆ, ನಿಜವಾದ ಕೇಬಲ್ ಹಾಕಿದ್ರೆ ಇನ್ನೆಷ್ಟು ಇರಬೇಕು ಯೋಚಿಸಿ. ಸಾರ್, ಹಾಕಿ."

ನನಗೆ ಜೀವ ಬಂತು. ಹೌದಲ್ಲ! ಕೇಬಲ್ ಬದಲಾಯಿಸಿದೆ. ಅದೇ ವೀಣೆ, ಅದೇ ಕೀರ್ತನೆ ಹಾಕಿದೆ.

ಪಾತ್ರೆ ಅಂಗಡಿ ಬಾಗಿಲು ತೆಗೆಯಿತು. ಗಲಗಲ ಗಲಗಲ! ಮೊದಲಿನ ಹಾಗೇ, ಚಮಚ ಲೋಟಗಳ ನಡುವೆ ವಿದ್ವಾಂಸರು ಒದ್ದಾಡ್ತಿದ್ದರು. ನಾನು ಮಯೂರನ ಮುಖ ನೋಡಿದೆ, ಅವನು ಸೀಲಿಂಗ್ ನೋಡಿದ.

"ಸಾರ್, ಯಾಕೋ ನಿಜವಾದ ಕೇಬಲಲ್ಲಿ ಸ್ವಲ್ಪ ಮಂಕಾಗಿದೆ" ಅಂದ. ಸ್ವಲ್ಪ ತಡೆದು, "ಅನ್ನ ಬೇಯಿಸಿ ಹದ ತಪ್ಪಿರಬೇಕು" ಅಂದ.

ವಿಮಲಾ ನಗೋದು ನಿಲ್ಲಿಸಿದಳು. ಕಿವಿ ಕೊಟ್ಟು ಕೇಳಿದಳು. ಹಾಲಿನ ನಡುವೆ ಹೋಗಿ ನಿಂತು ಒಂದು ಸಲ ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆ ನಾಲ್ಕು ಗೋಡೆಗೂ ಬಡಿದು ವಾಪಸ್ ಬಂತು. ಅವಳು ಮೂಲೆಗೆ ಹೋಗಿ, ಸುತ್ತಿಟ್ಟಿದ್ದ ಜಮಖಾನವನ್ನು ಎತ್ತಿ ತಂದು, ಒಂದೇ ಏಟಿಗೆ ಹಾಲಿನುದ್ದಕ್ಕೂ ಬಿಡಿಸಿದಳು. ಗಲಗಲ ನಿಂತುಹೋಯಿತು. ವೀಣೆ ಮತ್ತೆ ನಮ್ಮ ಹಾಲಿನಲ್ಲಿ ಬಂದು ಕೂತಿತು, ತಂತಿ ತಂತಿಯೂ ಉದುರುದುರಾಗಿ.

"ಹಾಲ್ ಬೋಳು ಮಾಡಿಟ್ಟಿದ್ದೀರಲ್ಲ, ಅದಕ್ಕೆ ರೀ" ಅಂದಳು. "ದಿವಾನ್ ಇಲ್ಲ, ಕರ್ಟನ್ ಇಲ್ಲ. ವೀಣೆ ನೆಲಕ್ಕೆ ಬಡಿದು, ಗೋಡೆಗೆ ಬಡಿದು ಗಲಗಲ ಅಂತಿತ್ತು. ಕರೆಂಟಿಗೇನೂ ಆಗಿರಲಿಲ್ಲ."

ನಾನು ಸೋಲು ಒಪ್ಪಿಕೊಳ್ಳದೆ ಕುಕ್ಕರ್ ವಯರ್ ಹಾಕಿ ನೋಡಿದೆ, ಕೇಬಲ್ ಹಾಕಿ ನೋಡಿದೆ, ಹಳೇ ನೂಲಿನಂಥ ವಯರನ್ನೂ ಹುಡುಕಿ ಹಾಕಿ ನೋಡಿದೆ. ಜಮಖಾನ ಇದ್ದರೆ ಮೂರೂ ಅಮೃತ, ಜಮಖಾನ ಎತ್ತಿದರೆ ಮೂರೂ ಪಾತ್ರೆ ಅಂಗಡಿ. ಕೊನೆಗೆ ಮಯೂರನೇ ಜಮಖಾನದ ಮೇಲೆ ಕೂತು, ಅದರ ಅಂಚು ಮುಟ್ಟಿ ನೋಡಿ, "ಮೇಡಂ, ಇದು ಎಲ್ಲಿ ಸಿಗುತ್ತೆ?" ಅಂತ ಮೆಲ್ಲಗೆ ಕೇಳಿದ.

ಇಷ್ಟರಲ್ಲಿ ಅಮ್ಮ ನನ್ನ ಕೈಯಿಂದ ದಪ್ಪ ಕೇಬಲ್ ಕಿತ್ತುಕೊಂಡು ಹೋಗಿ ಕುಕ್ಕರಿಗೆ ಹಾಕಿ ಅನ್ನ ಮುಗಿಸಿದ್ದಳು. ನಡುವೆ ಕರೆಂಟ್ ನಿಂತು ನಿಂತು ಬೆಂದರೂ ಪುಳಿಯೋಗರೆ ಅಗುಳು ಅಗುಳೂ ಬೇರೆಯಾಗಿ ಅದ್ಭುತವಾಗಿತ್ತು.

"ನೋಡಿದ್ಯಾ, ದಪ್ಪ ವಯರಿನ ಗುಣ" ಅಂದಳು ಅಮ್ಮ.

ನನಗೆ ಒಂದು ಕ್ಷಣ ಆಸೆ ಚಿಗುರಿತು. ಹಾಡಿಗೆ ಆಗದಿದ್ದರೂ ಅನ್ನಕ್ಕಾದರೂ ನನ್ನ ಕೇಬಲ್ ಕೆಲಸ ಮಾಡಿತಲ್ಲ.

"ಅಲ್ಲ ಅತ್ತೆ, ಹಳೇ ಅಕ್ಕಿ" ಅಂದಳು ವಿಮಲಾ.

ಆವತ್ತು ಸಂಜೆ ಹೇಳಿದ ಹೊತ್ತಿಗೆ ಸೌಮ್ಯ ಮಗಳ ಜೊತೆ ಬಂದಳು. ಪುಣ್ಯಕ್ಕೆ ವಿಮಲಾ ಬರೀತಿದ್ದ ಮೆಸೇಜು ಫೋನಿನಲ್ಲೇ ಅರ್ಧಕ್ಕೆ ನಿಂತಿತ್ತು. ಬೇರೆ ಪುಟಾಣಿಗಳೂ ಬಂದವು. ಪಂಥದ ಪ್ರಕಾರ ಸ್ಪೀಕರುಗಳನ್ನು ಅಕ್ಕಿ ಡ್ರಮ್ಮಿನ ರೂಮಿಗೆ ಸಾಗಿಸೋಕೆ ನಾನು ಒಂದನ್ನು ತಬ್ಬಿಕೊಂಡಿದ್ದೆ. ವಿಮಲಾ ಬೇಡ ಅಂದಳು. "ಗೋಡೆ ಕಡೆ ಸ್ವಲ್ಪ ಸರಿಸಿ ಸಾಕು. ಮಕ್ಕಳಿಗೂ ಒಳ್ಳೇ ವೀಣೆ ಕೇಳಿಸೋಣ." ನನಗೆ ಎಷ್ಟು ಖುಷಿಯಾಯಿತು ಅಂದರೆ ಆ ಸ್ಪೀಕರನ್ನು ಇಳಿಸೋದೇ ಮರೆತು ನಿಂತಿದ್ದೆ. ದಿವಾನ್ ವಾಪಸ್ ಬಂತು, ಕರ್ಟನ್ ಬಂತು, ಅಮ್ಮನ ಆರಾಮಕುರ್ಚಿಯೂ ಬಂತು. ಹಾಲು ತುಂಬಿದಷ್ಟೂ ವೀಣೆ ಇನ್ನೂ ಸೊಗಸಾಗಿದೆ. ದಾಸವಾಳಕ್ಕೆ ಕುಂಡದಲ್ಲಿ ಹೊಸ ಜಾಗ ಸಿಕ್ಕಿದೆ, ಒಂದು ಚಿಗುರೂ ಬಂದಿದೆ. ಗುಂಡಿಯ ರಂಗೋಲಿ ಮಾತ್ರ ಅಮ್ಮ ನಿಲ್ಲಿಸಿಲ್ಲ.

ಒಂದು ಕಷ್ಟ. ನನ್ನ ಕುರ್ಚಿ ಹೋಯಿತು. ಪಾಠದ ಸಂಜೆ ಹಾಲಿನಲ್ಲಿ ಕೂರಬೇಕಾದರೆ ವಿದ್ಯಾರ್ಥಿಯಾಗಿ ಜಮಖಾನದ ಮೇಲೆ ಕೂರಬೇಕು, ಸುಮ್ಮನೆ ಕೂತು ನೋಡೋರಿಗೆ ಪ್ರವೇಶ ಇಲ್ಲ ಅಂತ ಟೀಚರ್ ಹೇಳಿಬಿಟ್ಟಳು. ಹಾಗಾಗಿ ನಾನೂ ಸೇರಿದ್ದೀನಿ. ಕ್ಲಾಸಿಗೆಲ್ಲ ನಾನೇ ಎತ್ತರ.

ಮೊನ್ನೆ ಸರಳೆ ವರಸೆ ಹೇಳಿಸ್ತಿದ್ದಳು. ಪುಟಾಣಿಗಳೆಲ್ಲ ಸರಾಗವಾಗಿ ಹೇಳಿದವು. ನನ್ನ ಸರದಿ ಬಂತು. ಎದೆ ಉಬ್ಬಿಸಿ ಎತ್ತಿಕೊಂಡೆ. ಗಾಂಧಾರದ ಹತ್ತಿರ ಬರೋ ಹೊತ್ತಿಗೆ ಸೌಮ್ಯಳ ಮಗಳು ಕಿವಿ ಮುಚ್ಚಿಕೊಂಡಳು.

"ರೀ, ನಿಲ್ಲಿಸಿ" ಅಂದಳು ವಿಮಲಾ. ಅವಳ ಪಕ್ಕದಲ್ಲಿದ್ದ ಶ್ರುತಿ ಪೆಟ್ಟಿಗೆಯನ್ನು ತೋರಿಸಿದಳು. "ಇದಕ್ಕೆ ಮೀಟರ್ ಬೋರ್ಡಿಂದ ನಿಮ್ಮದೇ ಬೇರೆ ಲೈನು, ನಿಮ್ಮದೇ ಹೊಸ ಪ್ಲಗ್ ಪಾಯಿಂಟು, ನಿಮ್ಮದೇ ಉಪ್ಪಿನ ಗುಂಡಿ. ಇದು ಸರಿಯಾಗೇ ಹೇಳ್ತಿದೆ. ಮಕ್ಕಳೂ ಸರಿಯಾಗಿ ಹೇಳಿದ್ರು. ಇನ್ನು ಕೊಳಕು ಕರೆಂಟಲ್ಲಿ ಓಡ್ತಿರೋದು ನೀವೊಬ್ರೇ. ಏನು ಮಾಡೋಣ ಹೇಳಿ?"

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನ ದನಿ ಬಂತು.

"ಆ ದಪ್ಪ ವಯರ್ ಬೇಕಿದ್ರೆ ತಗೊಳೆ ವಿಮಲಾ, ಅನ್ನ ಆಯ್ತು."